ಗುಂಡಿನ ವೇಗವನ್ನು ತೂಗಿದ ಹಲಗೆ

ವಿಜಾಪುರದ ಕೋಟೆಯ ಪಶ್ಚಿಮ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ಎಂಬ ತೋಪನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಇದನ್ನು ಎರಕಹೊಯ್ದನು. ಸೋಲಾಪುರದ ವಾಯವ್ಯಕ್ಕಿರುವ ಪರಾಂಡೆಯ ಕೋಟೆಯಲ್ಲಿ ಕೆಲಕಾಲವಿದ್ದು, 1632ರಲ್ಲಿ ಅದು ವಿಜಾಪುರವನ್ನು ಸೇರಿತು. ಉದ್ದ ಹದಿನಾಲ್ಕು ಅಡಿಗೂ ಮಿಗಿಲು. ತೂಕ ಸುಮಾರು 55 ಟನ್ನು. ಮೂತಿಯಲ್ಲಿ ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿ. ಇಷ್ಟೆಲ್ಲ ಅಳತೆಗಳು ನಮಗೆ ಗೊತ್ತು. ಆದರೆ ಆ ಬಾಯಿಂದ ಹೊರಟ ಗುಂಡು ಸೆಕೆಂಡಿಗೆ ಎಷ್ಟು ಅಡಿ ಸಾಗುತ್ತಿತ್ತೆಂದು ಕೇಳಿದ್ದರೆ, ಅದನ್ನು ಎರೆದ ಆ ಮಹಾಶಿಲ್ಪಿಯೂ ನಿರುತ್ತರನಾಗುತ್ತಿದ್ದನು. ಇದು ದಖ್ಖನಿನವರ ಕೊರತೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಇಸ್ತಾಂಬುಲಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಅಂದು ಉತ್ತರ ಬಲ್ಲವರಿರಲಿಲ್ಲ. ಆ ಉತ್ತರಕ್ಕಾಗಿ ಜಗತ್ತು ಇನ್ನೂ ಸುಮಾರು ಎರಡು ಶತಮಾನ ಕಾಯಬೇಕಾಯಿತು.

ಅಷ್ಟರಲ್ಲಿ ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ, ಎಸೆದ ವಸ್ತುವಿನ ಹಾದಿ ಪರವಲಯವೆಂದು ತೋರಿಸಿದ್ದನು. ಗಾಳಿಯ ಪ್ರತಿರೋಧವನ್ನು ಬಿಟ್ಟರೆ ಇದು ಸರಿಯೆಂಬ ಎಚ್ಚರಿಕೆಯನ್ನೂ ಅವನು ಕೊಟ್ಟಿದ್ದನು. ಶಿಷ್ಯರು ಸೂತ್ರವನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಬಿಟ್ಟರು. ಗಾಳಿಯಂಥ ಹಗುರವಾದ ವಸ್ತು ಸೀಸದ ಗುಂಡನ್ನು ಏನು ಮಾಡೀತು ಎಂಬುದು ಅವರ ವಾದ. ಕೇಳುವುದಕ್ಕೆ ಯುಕ್ತವಾಗಿಯೇ ಇದೆ!

ಈ ಭ್ರಮೆಯನ್ನು ಒಡೆದವನು ಬೆಂಜಮಿನ್ ರಾಬಿನ್ಸ್. 1707ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ, ಯುದ್ಧವನ್ನೇ ಪಾಪವೆಂದು ಭಾವಿಸುವ ಕ್ವೇಕರ್ ಪಂಥದ ಮನೆಯಲ್ಲಿ ಅವನು ಜನಿಸಿದನು. ಗಣಿತದಲ್ಲಿ ಅವನು ನ್ಯೂಟನ್ನನ ಕಟ್ಟಾ ಅನುಯಾಯಿ. ಫಿರಂಗಿ ವಿದ್ಯೆಯ ಹೊಸ ತತ್ತ್ವಗಳನ್ನು ಕುರಿತ ಅವನ ಪುಸ್ತಕ 1742ರಲ್ಲಿ ಹೊರಬಂದಿತು. ಅದರಲ್ಲಿ ಅವನು ವರ್ಣಿಸಿದ ಯಂತ್ರವನ್ನು ನಮ್ಮ ಊರಿನ ಬಡಗಿಯೂ ಕಮ್ಮಾರನೂ ಕೂಡಿ ಒಂದು ವಾರದಲ್ಲಿ ಮಾಡಿಕೊಡಬಲ್ಲರು. ಮೂರು ಕಾಲಿನ ಕಬ್ಬಿಣದ ಚೌಕಟ್ಟು. ಅದರಿಂದ ತೂಗುವ ಒಂದು ಲೋಲಕ. ಲೋಲಕದ ಮುಖಕ್ಕೆ ಬಿಗಿದ ದಪ್ಪ ಮರದ ಹಲಗೆ. ತೂಕವೆಲ್ಲ ಸೇರಿ ಸುಮಾರು 56 ಪೌಂಡು. ಕೆಳತುದಿಗೆ ಒಂದು ಪಟ್ಟಿ ಕಟ್ಟಿದೆ. ಬಂದೂಕಿನ ಗುಂಡು ಹಲಗೆಯಲ್ಲಿ ನಾಟಿದೊಡನೆ ಲೋಲಕ ಹಿಂದಕ್ಕೆ ತೂಗುತ್ತದೆ. ಅದು ಎಷ್ಟು ತೂಗಿತೆಂಬುದನ್ನು ಹೊರಗೆಳೆದ ಪಟ್ಟಿಯ ಉದ್ದವೇ ಹೇಳುತ್ತದೆ.

ಕಣ್ಣಿಗೆ ಕಾಣದ ವೇಗವನ್ನು ಕಣ್ಣಿಗೆ ಕಾಣುವ ತೂಗಾಟವನ್ನಾಗಿ ಮಾರ್ಪಡಿಸಿದ್ದೇ ಇಲ್ಲಿನ ಜಾಣ್ಮೆ. ಲೆಕ್ಕವನ್ನು ಸ್ವಲ್ಪ ಸರಳಗೊಳಿಸಿ ಹೇಳುವುದಾದರೆ, ಗುಂಡಿನ ತೂಕ ಪೌಂಡಿನ ಹನ್ನೆರಡನೆಯ ಒಂದು ಭಾಗ. ಲೋಲಕ ಅದರ 672 ಪಟ್ಟು. ಡಿಕ್ಕಿಗೆ ಮುಂಚೆ ಗುಂಡಿನಲ್ಲಿದ್ದ ಸಂವೇಗವೆಲ್ಲ ಡಿಕ್ಕಿಯ ನಂತರ ಗುಂಡು-ಹಲಗೆಗಳ ಜೋಡಿಯಲ್ಲಿ ಇರಲೇಬೇಕು. ಜೋಡಿ ಸೆಕೆಂಡಿಗೆ ಎರಡೂವರೆ ಅಡಿಯಂತೆ ಹೊರಟಿತೆಂದರೆ, ಗುಂಡು ಅದರ 673 ಪಟ್ಟು ವೇಗದಿಂದ, ಎಂದರೆ ಸೆಕೆಂಡಿಗೆ ಸುಮಾರು 1,680 ಅಡಿಯ ವೇಗದಿಂದ ಬಂದಿತ್ತು. ರಾಬಿನ್ಸನಿಗೆ ದೊರೆತ ಅಂಕಿಗಳೂ ಇದರ ಆಸುಪಾಸಿನವೇ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,100 ಅಡಿ. ಹೊಡೆತ ತಿಂದವನು ಬಂದೂಕಿನ ಸದ್ದನ್ನು ಕೇಳುವ ಮೊದಲೇ ಬೀಳುತ್ತಾನೆ ಎಂಬುದಕ್ಕೆ ಹೀಗೆ ಅಂಕಿಯ ಆಧಾರ ಸಿಕ್ಕಿತು.

ಇಲ್ಲಿ ಇನ್ನೊಂದು ಸೋಜಿಗವಿದೆ. ಸಂವೇಗವೇನೋ ಉಳಿಯಿತು, ಗುಂಡಿನ ಚಲನಶಕ್ತಿ ಉಳಿಯಲಿಲ್ಲ. ಮೇಲಿನ ಲೆಕ್ಕದಲ್ಲೇ ನೋಡಿದರೆ, ಲೋಲಕದ ಚಲನೆಗೆ ದಕ್ಕಿದ್ದು ಆ ಶಕ್ತಿಯ 673ರಲ್ಲಿ ಒಂದು ಪಾಲು ಮಾತ್ರ. ಮಿಕ್ಕ 672 ಪಾಲು ಮರವನ್ನು ಸೀಳುವುದರಲ್ಲಿ, ಸೀಸವನ್ನು ಚಪ್ಪಟೆ ಮಾಡುವುದರಲ್ಲಿ, ಶಾಖದಲ್ಲಿ ವ್ಯಯವಾಯಿತು. ಗುರಿಯನ್ನು ತಳ್ಳುವುದು ಒಂದು, ಒಡೆಯುವುದು ಮತ್ತೊಂದು. ಲೈಡನ್ನಿನ ಗ್ರಾವೆಸಾಂಡೆ ಎಂಬ ಪಂಡಿತನು 1722ರಲ್ಲಿ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಗುಣಿಯ ಗಾತ್ರ ವೇಗದ ವರ್ಗವನ್ನು ಅನುಸರಿಸುತ್ತದೆಂದು ಕಂಡಿದ್ದನು. ಘನವಸ್ತುಗಳಲ್ಲಿ ಗುಂಡು ನಾಟುವ ಆಳವೂ ಹಾಗೆಯೇ ಎಂದು ರಾಬಿನ್ಸನೂ ಹೇಳಿದನು. ವೇಗ ಇಮ್ಮಡಿಯಾದರೆ ಆಳ ನಾಲ್ಮಡಿ. ಮಣ್ಣಿನ ಗೋಡೆಯ ಮಹಿಮೆ ಅರ್ಥವಾಗುವುದೂ ಇಲ್ಲಿಯೇ. ಕಲ್ಲು ಗುಂಡನ್ನು ಗೇಣಿನೊಳಗೆ ನಿಲ್ಲಿಸಹೋಗಿ ತಾನೇ ಸಿಡಿಯುತ್ತದೆ. ಮಣ್ಣು ಹಲವು ಅಡಿ ದಾರಿಬಿಟ್ಟು, ಗುಂಡಿನ ಶಕ್ತಿಯನ್ನು ಮೆಲ್ಲಗೆ ನುಂಗಿಕೊಳ್ಳುತ್ತದೆ. 1805ರಲ್ಲಿ ಭರತಪುರದ ಮಣ್ಣಿನ ಕೋಟೆಯ ಮುಂದೆ ಲೇಕ್ ಸೇನಾನಿಯ ನಾಲ್ಕು ದಾಳಿಗಳೂ ವಿಫಲವಾದವು.

ಇನ್ನು ಗಾಳಿಯ ವಿಷಯ. ಹಲಗೆಯನ್ನು ಬೇರೆ ಬೇರೆ ದೂರದಲ್ಲಿಟ್ಟು ಹೊಡೆದು, ನಡುವೆ ಗುಂಡು ಕಳೆದುಕೊಂಡ ವೇಗವನ್ನು ರಾಬಿನ್ಸನು ಅಳೆದನು. ಬಂದೂಕಿನ ಗುಂಡಿಗೆ ಗಾಳಿ ಒಡ್ಡುವ ತಡೆ, ಆ ಗುಂಡಿನ ತೂಕದ 120 ಪಟ್ಟಿನಷ್ಟು ಎಂದು ತಿಳಿಯಿತು. ಗಾಳಿಯಿಲ್ಲದಿದ್ದರೆ ಅದೇ ಗುಂಡು ಹದಿನೇಳು ಮೈಲಿ ಹೋಗಬೇಕು. ವಾಸ್ತವದಲ್ಲಿ ಒಂದು ಮೈಲಿಯನ್ನೂ ಮುಟ್ಟದು. ಪರವಲಯದ ಕೋಷ್ಟಕಗಳೆಲ್ಲ ವ್ಯರ್ಥವಾದವು. ತಿರುಗುತ್ತ ಹೋಗುವ ಗುಂಡು ಪಕ್ಕಕ್ಕೆ ಓಲುತ್ತದೆಂದೂ ಅವನು ತೋರಿಸಿದನು. ಮಹಾಗಣಿತಜ್ಞನಾದ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದು ಮೂಲವನ್ನು ಮೀರಿಸುವಷ್ಟು ಟಿಪ್ಪಣಿ ಬರೆದನು. ಆದರೆ ಈ ಓಲುವಿಕೆಯನ್ನು ಮಾತ್ರ ಒಪ್ಪಲಿಲ್ಲ. ಅದರಲ್ಲಿ ಬಂದೂಕು ಹಿಡಿದವನದೇ ಸರಿಯಾಗಿತ್ತು. ಫ್ರೆಂಚಿಗೆ 1783ರಲ್ಲಿ ಅನುವಾದಿಸಿದ ಲೊಂಬಾರ್ ಎಂಬವನು ಬೋಧಿಸುತ್ತಿದ್ದ ಓಸೋನ್ ಶಾಲೆಯಲ್ಲಿಯೇ ತರುಣ ನೆಪೋಲಿಯನ್ ಫಿರಂಗಿ ವಿದ್ಯೆಯನ್ನು ಕಲಿತನು.

ಈ ರಾಬಿನ್ಸನಿಗೂ ನಮ್ಮ ದಕ್ಷಿಣಕ್ಕೂ ನಂಟು ಬೆಳೆದದ್ದು ಒಂದು ಸೋಲಿನಿಂದ. 1746ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದರು. 1748ರ ಸಂಧಿಯ ಪ್ರಕಾರ ಮರುವರ್ಷ ಅದು ಇಂಗ್ಲಿಷರಿಗೆ ಮರಳಿತು. ಅದೇ ಸಂಧಿಯ ಸಂಭ್ರಮಕ್ಕೆ ಲಂಡನ್ನಿನಲ್ಲಿ ಸುಟ್ಟ ಬಾಣಬಿರುಸುಗಳು ಎಷ್ಟು ಎತ್ತರ ಏರಿದುವೆಂದು ರಾಬಿನ್ಸನು ಕುಳಿತು ಅಳೆದನಂತೆ. ಅಳೆಯುವ ಚಟ ಅಂಥದು. ಜಗ್ಗಿದ ಕೋಟೆಗಳನ್ನು ಬಲಪಡಿಸಲು ಕಂಪನಿ ಅವನನ್ನು ತನ್ನ ಪ್ರಧಾನ ಎಂಜಿನಿಯರನನ್ನಾಗಿ ನೇಮಿಸಿತು. 1750ರಲ್ಲಿ ಅವನು ಭಾರತಕ್ಕೆ ಬಂದಿಳಿದನು. ಇಲ್ಲಿನ ಜ್ವರ ಅವನನ್ನು ಬಿಡಲಿಲ್ಲ. 1751ರ ಜುಲೈ 29ರಂದು ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಏಳು ವರ್ಷಗಳ ಮೇಲೆ, 1758ರ ಜೂನ್ ತಿಂಗಳಿನಲ್ಲಿ, ಆ ಕೋಟೆ ಲಾಲಿಗೆ ಶರಣಾಯಿತು. ಫ್ರೆಂಚರು ಅದನ್ನು ಕೆಡವಿಹಾಕಿದರು.

ಅವನ ವಿದ್ಯೆ ಮಾತ್ರ ಲಂಡನ್ನಿನ ಬಳಿಯ ವೂಲಿಚ್ಚಿನ ಸೈನಿಕ ಶಾಲೆಯಲ್ಲಿ ಬೇರೂರಿತು. ಅಲ್ಲಿ ಹಟನ್ ಎಂಬ ಗಣಿತಾಧ್ಯಾಪಕನು 1775ರಿಂದ ಮುಂದೆ, ಬಂದೂಕಿನ ಗುಂಡಿನ ಬದಲು ಫಿರಂಗಿಯ ಗುಂಡುಗಳನ್ನೇ ಇನ್ನೂ ಭಾರವಾದ ಲೋಲಕಗಳಿಗೆ ಹೊಡೆದು ನೋಡಿದನು. ಈ ನಡುವೆ ಮೈಸೂರಿನವರ ಕೈಯಲ್ಲಿ, ಲೋಲಕದ ಲೆಕ್ಕಕ್ಕೆ ಸುಲಭವಾಗಿ ಸಿಕ್ಕದ ಒಂದು ಆಯುಧವಿತ್ತು. ಗುಂಡು ತನ್ನ ವೇಗವನ್ನು ನಳಿಗೆಯಲ್ಲೇ ಪಡೆದುಕೊಂಡು ಹೊರಡುತ್ತದೆ. ಬಾಣವಾದರೋ ಮದ್ದನ್ನು ಹೊತ್ತುಕೊಂಡೇ ಹಾರುತ್ತದೆ, ಹಾರುತ್ತ ಹಗುರವಾಗುತ್ತದೆ, ಹಗುರವಾಗುತ್ತ ವೇಗ ಪಡೆಯುತ್ತದೆ. ಕಾಗದದ ಕೊಳವೆಗೆ ಬದಲು ಕಬ್ಬಿಣದ ಕೊಳವೆಯನ್ನು ಬಳಸಿ, ಮದ್ದನ್ನು ಬಿಗಿಯಾಗಿ ತುಂಬಲು ಮೈಸೂರಿನವರು ಕಲಿತಿದ್ದರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಬೇಯ್ಲಿಯ ಪಡೆ ಅದರ ರುಚಿಯನ್ನು ಕಂಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನಂತರ ಇಂಥ ಬಾಣಗಳು ಇಂಗ್ಲೆಂಡಿಗೆ ಹೋದವು. ಕಾಂಗ್ರೀವನು ವೂಲಿಚ್ಚಿನಲ್ಲಿ ಅವುಗಳ ಮಾದರಿಯಿಂದ ತನ್ನವನ್ನು ರೂಪಿಸಿದನು. ಬಾಣದ ಚಲನೆಯನ್ನು ಗಣಿತದಿಂದ ವಿವರಿಸುವ ಗ್ರಂಥವನ್ನು ಅದೇ ಶಾಲೆಯ ವಿಲಿಯಂ ಮೂರ್ 1813ರಲ್ಲಿ ಪ್ರಕಟಿಸಿದನು.