ಶ್ರೀಗಂಧದ ವಾಹಕ ಅಂಗಾಂಶ: ಅಧ್ಯಯನದ ಇತಿಹಾಸ

ಶ್ರೀಗಂಧದ ಮರದಲ್ಲಿ (ಸ್ಯಾಂಟಲಮ್ ಆಲ್ಬಮ್) ನೀರು, ಲವಣ, ಸಕ್ಕರೆಗಳು ಸಾಗುವ ಬಗೆಯ ಅರಿವು ಬೆಳೆದದ್ದು ಎರಡು ಪ್ರಶ್ನೆಗಳ ಸುತ್ತ: ಈ ಮರ ನೆರೆಗಿಡಗಳಿಂದ ಹೀರುವುದೇನನ್ನು? ಸ್ಪೈಕ್ ರೋಗ ಅದನ್ನು ಕೊಲ್ಲುವುದು ಹೇಗೆ? ಮೊದಲನೆಯದಕ್ಕೆ ಉತ್ತರ ಮುಖ್ಯವಾಗಿ ಕ್ಸೈಲಮ್‌ನಲ್ಲಿ, ಎರಡನೆಯದಕ್ಕೆ ಫ್ಲೋಯಮ್‌ನಲ್ಲಿ ದೊರೆಯಿತು.

ಎರಡು ದಾರಿಗಳು

ಕ್ಸೈಲಮ್‌ನ ನಾಳಗಳು ಸತ್ತ ಕೋಶಗಳಿಂದಾದವು. ಎಲೆಗಳಿಂದ ನೀರು ಆವಿಯಾದಂತೆ ಬೇರಿನಿಂದ ನೀರಿನ ಎಳೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಈ ವಿವರಣೆಯನ್ನು ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಕೊಟ್ಟರು. ಫ್ಲೋಯಮ್‌ನ ಜರಡಿ ನಾಳಗಳು ಜೀವಂತ. ಎಲೆಯಲ್ಲಿ ತಯಾರಾದ ಸಕ್ಕರೆ ಅವುಗಳ ಮೂಲಕ ಒತ್ತಡದ ವ್ಯತ್ಯಾಸದಿಂದ ಹರಿಯುತ್ತದೆ ಎಂಬ ಮ್ಯೂಂಕ್‌ನ ಸಿದ್ಧಾಂತ 1930ರದು.

ಬೇರಿನ ನಂಟು, ಚೇಗಿನ ಎಣ್ಣೆ

ಶ್ರೀಗಂಧ ಅರೆಪರಾವಲಂಬಿ ಎಂಬುದನ್ನು ಜಾನ್ ಸ್ಕಾಟ್ 1871ರಲ್ಲಿ ಗುರುತಿಸಿದ. ಅದರ ಹೀರುಬೇರುಗಳ ರಚನೆಯನ್ನು ಸಿ. ಎ. ಬಾರ್ಬರ್ 20ನೆಯ ಶತಮಾನದ ಮೊದಲ ದಶಕದಲ್ಲಿ ವಿವರವಾಗಿ ಅಭ್ಯಸಿಸಿದ. ಹೀರುಬೇರು ಆಸರೆಗಿಡದ ಕ್ಸೈಲಮ್‌ವರೆಗೆ ಇಳಿದು ನೀರು, ಖನಿಜಗಳನ್ನು ಸೆಳೆಯುತ್ತದೆ. ಎಲೆಗಳು ಹಸಿರಾಗಿರುವುದರಿಂದ ಸಕ್ಕರೆಯನ್ನು ಮರವೇ ತಯಾರಿಸಿಕೊಳ್ಳಬಲ್ಲದು.

ನೀರು ಸಾಗಿಸುವುದನ್ನು ನಿಲ್ಲಿಸಿದ ಹಳೆಯ ಕ್ಸೈಲಮ್ಮೇ ಚೇಗು. ಪರಿಮಳದ ಎಣ್ಣೆ ಇರುವುದು ಇದರಲ್ಲಿ; ಹೊರಗಿನ ಬಿಳಿಮರಕ್ಕೆ ವಾಸನೆಯಿಲ್ಲ. ಬೇರಿನ ಚೇಗಿನಲ್ಲೂ ಎಣ್ಣೆ ಇರುವುದರಿಂದ ಮರವನ್ನು ಕಡಿಯದೆ ಬುಡಸಮೇತ ಕೀಳುವುದು ವಾಡಿಕೆ. ಮೈಸೂರಿನಲ್ಲಿ ಕೃಷ್ಣಮೂರ್ತಿಪುರಂ ಸಮೀಪದ ಮಾನಂದವಾಡಿ ರಸ್ತೆಯಲ್ಲಿರುವ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಚೇಗನ್ನು ಭಟ್ಟಿ ಇಳಿಸಲು 1917ರಲ್ಲಿ ಆರಂಭವಾಯಿತು.

ಸ್ಪೈಕ್ ರೋಗ

ಈ ರೋಗ 1899ರಲ್ಲಿ ಕೊಡಗಿನಿಂದ ಮೊದಲು ವರದಿಯಾಗಿ, ಮೈಸೂರು ಸೀಮೆಯ ಗಂಧದ ಕಾಡುಗಳಿಗೂ ವ್ಯಾಪಿಸಿತು. ರೋಗ ತಗುಲಿದ ಮರದಲ್ಲಿ ಎಲೆಗಳು ಕಿರಿದಾಗಿ ನೆಟ್ಟಗೆ ನಿಲ್ಲುತ್ತವೆ, ಗಿಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ, ಎಲೆಗಳಲ್ಲಿ ಪಿಷ್ಟ ಶೇಖರವಾಗುತ್ತದೆ, ಹೀರುಬೇರುಗಳು ಸಾಯುತ್ತವೆ. ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಮರವೇ ಒಣಗುತ್ತದೆ.

ಡೆಹ್ರಾಡೂನಿನ ಆರ್. ಎಸ್. ಹೋಲ್, ಮರದ ರಸಸಂಚಾರ ಏರುಪೇರಾದದ್ದೇ ರೋಗಕ್ಕೆ ಕಾರಣವೆಂದು ವಾದಿಸಿದ. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಸಿ. ಕೋಲ್ಮನ್ 1917ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ತೋರಿದವು: ರೋಗಿ ಮರದ ಕಸಿ ಕಟ್ಟಿದರೆ ಆರೋಗ್ಯವಂತ ಮರಕ್ಕೂ ರೋಗ ದಾಟುತ್ತಿತ್ತು. ಹಾಗಾಗಿ ಕಾರಣ ಸೋಂಕು ಎಂದಾಯಿತು. ಆಗ ಅದನ್ನು ವೈರಸ್ ಎಂದು ಭಾವಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಸಹೋದ್ಯೋಗಿಗಳು 1920ರ ದಶಕದಿಂದ ಅಧ್ಯಯನ ಮುಂದುವರಿಸಿದರು.

ಜಪಾನಿನಲ್ಲಿ ದೋಯಿ ತಂಡ 1967ರಲ್ಲಿ ಇಂಥದೇ ರೋಗಗಳಿರುವ ಸಸ್ಯಗಳ ಫ್ಲೋಯಮ್‌ನಲ್ಲಿ ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿಗಳನ್ನು ಕಂಡಿತು. 1969ರಲ್ಲಿ ಶ್ರೀಗಂಧದ ಜರಡಿ ನಾಳಗಳಲ್ಲೂ ಅಂಥವು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಾಣಿಸಿದವು. ಇಂದು ಫೈಟೊಪ್ಲಾಸ್ಮಾ ಎನ್ನಲಾಗುವ ಇವುಗಳಿಂದ ಫ್ಲೋಯಮ್‌ನ ಕೆಲಸ ಕೆಡುವುದರಿಂದ, ಎಲೆಯಲ್ಲಿ ಪಿಷ್ಟ ಉಳಿದು ಬೇರು ಹಸಿಯುವ ಹಳೆಯ ಲಕ್ಷಣಗಳಿಗೆ ಅರ್ಥ ದೊರೆಯಿತು. ಸಂಚಾರ ಕೆಟ್ಟದ್ದು ನಿಜ. ಆದರೆ ಅದು ಸೋಂಕಿನ ಫಲ.

ಟೆಟ್ರಾಸೈಕ್ಲಿನ್ ಕೊಟ್ಟಾಗ ಲಕ್ಷಣಗಳು ತಾತ್ಕಾಲಿಕವಾಗಿ ತಗ್ಗುತ್ತವೆ, ಶಾಶ್ವತ ಚಿಕಿತ್ಸೆಯಿಲ್ಲ. ಫ್ಲೋಯಮ್ ರಸ ಹೀರುವ ಜಿಗಿಹುಳುಗಳು ಇಂಥ ರೋಗಾಣುಗಳನ್ನು ಮರದಿಂದ ಮರಕ್ಕೆ ಒಯ್ಯುವುದರಿಂದ, ರೋಗಪೀಡಿತ ಮರಗಳನ್ನು ಬೇಗ ಗುರುತಿಸಿ ತೆಗೆಯುವುದೇ ಹತೋಟಿಯ ಮುಖ್ಯ ಕ್ರಮ.