ಏಕಾದಶಿಗೆ ನೋಬೆಲ್ ಬಂದಿಲ್ಲ, ಬಂದಿದ್ದು ಯೀಸ್ಟಿಗೆ!

"ಏಕಾದಶಿ ಉಪವಾಸ ಮಾಡಿದರ ಜೀವಕೋಶ ತನ್ನ ಕಸ ತಾನ ತಿಂತೈತಿ, ಇದನ್ನ ಕಂಡುಹಿಡದ ಜಪಾನಿನವಗ ನೋಬೆಲ್ ಬಂದೈತಿ" ಅನ್ನೋ ಮೆಸೇಜು ನಿಮಗೂ ಬಂದಿರಬಹುದು. 12ನೇ ಶತಮಾನದಲ್ಲಿ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಇರೋ ದೇಗಾಂವದ ಕಡೆಯವರಿಗಂತೂ ಇಂಥ ಸುದ್ದಿ ಇನ್ನೂ ರುಚಿ :) ಆದರೆ ನಿಜವಾದ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ.

ಕಥೆ ಶುರುವಾಗೋದು ಒಂದು ಫ್ರಿಜ್ಜಿನಿಂದ. 1949ರಲ್ಲಿ ಬೆಲ್ಜಿಯಂನ ಲೂವೇನಿನಲ್ಲಿ ಕ್ರಿಶ್ಚಿಯನ್ ಡಿ ಡುವ್ ಇನ್ಸುಲಿನ್ ಬಗ್ಗೆ ಕೆಲಸ ಮಾಡ್ತಿದ್ದರು. ಇಲಿಯ ಲಿವರ್ ಅರೆದು ಒಂದು ಕಿಣ್ವವನ್ನ ಅಳೆದರೆ ಲೆಕ್ಕಕ್ಕಿಂತ ತೀರಾ ಕಡಿಮೆ ಬಂತು. ಅದೇ ಸ್ಯಾಂಪಲ್ ಐದು ದಿನ ಫ್ರಿಜ್ಜಿನಲ್ಲಿತ್ತು. ಮತ್ತೆ ಅಳೆದರೆ ಕಿಣ್ವ ಜಾಸ್ತಿ! ಅಂದರೆ ಅದು ಎಲ್ಲೋ ಚೀಲದೊಳಗೆ ಬಂದಿಯಾಗಿತ್ತು, ಚೀಲ ಸೋರಿದ ಮೇಲೆ ಹೊರಬಂತು. ಆ ಚೀಲಕ್ಕೆ 1955ರಲ್ಲಿ ಅವರಿಟ್ಟ ಹೆಸರು ಲೈಸೋಸೋಮ್. ಕೋಶ ತನ್ನದೇ ಹಳೇ ಭಾಗಗಳನ್ನ ಈ ಚೀಲಕ್ಕೆ ಹಾಕಿ ಕರಗಿಸೋ ಕೆಲಸಕ್ಕೆ 1963ರಲ್ಲಿ ಆಟೋಫೇಜಿ, ಅಂದರೆ ಸ್ವಭಕ್ಷಣೆ, ಅಂದರು. 1974ರಲ್ಲಿ ನೋಬೆಲ್ ಹಂಚಿಕೊಂಡರು.

ಮುಂದೆ ಯೋಶಿನೋರಿ ಓಸುಮಿ. 1988ರಲ್ಲಿ, 43ನೇ ವಯಸ್ಸಿನಲ್ಲಿ, ಟೋಕಿಯೋದಲ್ಲಿ ಸ್ವಂತ ಲ್ಯಾಬ್ ಶುರು ಮಾಡಿದರು. ಯೀಸ್ಟಿನಲ್ಲಿ ಕಸ ಕರಗೋದು ಎಷ್ಟು ಬೇಗ ಅಂದರೆ ಕಣ್ಣಿಗೆ ಬೀಳಲ್ಲ. ಅವರು ಮಾಡಿದ್ದು ನಮ್ಮಂಥ ಪ್ರೋಗ್ರಾಮರುಗಳಿಗೆ ಥಟ್ಟನೆ ಅರ್ಥವಾಗೋ ಡೀಬಗ್ಗಿಂಗ್: ಕೊನೆಯ ಹಂತ ಕೆಟ್ಟಿರೋ, ಅಂದರೆ ಕರಗಿಸೋ ಕಿಣ್ವವೇ ಇಲ್ಲದ ಯೀಸ್ಟ್ ತಗೊಂಡು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ಕರಗದ ಗುಳ್ಳೆಗಳು ತುಂಬಿಕೊಂಡು ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಕಂಡವು. ಇನ್ನು ಯಾವ ಜೀನ್ ಕೆಡಿಸಿದರೆ ಗುಳ್ಳೆ ಬರಲ್ಲ ಅಂತ ಹುಡುಕಿದರಾಯಿತು. 1993ಕ್ಕೆ 15 ಜೀನುಗಳ ಪಟ್ಟಿ ಬಂತು, 2016ಕ್ಕೆ ನೋಬೆಲ್ ಬಂತು. ಮನುಷ್ಯ ಇಷ್ಟು ಗಂಟೆ ಉಪವಾಸ ಮಾಡಿದರೆ ಇಂಥ ರೋಗ ವಾಸಿ ಅಂತ ಓಸುಮಿ ತೋರಿಸಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಆ ಮೆಸೇಜು ನಂಬಿ ಊಟ ಬಿಡಬೇಡಿ, ಮೊದಲು ಡಾಕ್ಟರನ್ನ ಕೇಳಿ.

ಈ ಕಥೆಯ ಒಂದು ಅಧ್ಯಾಯ ಬೆಂಗಳೂರಿನಲ್ಲೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಆಟೋಫೇಜಿಯನ್ನೇ ಹಿಡಿದು ಕೂತಿದೆ. ಪಾರ್ಕಿನ್ಸನ್ ರೋಗದಲ್ಲಿ ಆಲ್ಫಾ ಸಿನ್ಯೂಕ್ಲಿನ್ ಅನ್ನೋ ಪ್ರೋಟೀನು ಮೆದುಳಿನ ಕೋಶಗಳಲ್ಲಿ ಗಂಟು ಕಟ್ಟುತ್ತೆ. ಆ ಗಂಟನ್ನ ಆಟೋಫೇಜಿ ಮೂಲಕ ತೆಗೆಸೋ 6-ಬಯೋ ಅನ್ನೋ ಸಣ್ಣ ಅಣುವನ್ನ ಇವರು ಯೀಸ್ಟಿನಲ್ಲಿ ಪರೀಕ್ಷಿಸಿ, ಆಮೇಲೆ ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲೂ ನರಕೋಶ ಉಳಿಸುತ್ತೆ ಅಂತ 2017ರಲ್ಲಿ ಪ್ರಕಟಿಸಿದರು. ಇಲಿಯಲ್ಲಿ ಆಗಿದ್ದು ಮನುಷ್ಯನಿಗೆ ಔಷಧಿ ಅಲ್ಲ, ನೆನಪಿರಲಿ.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. 1963ರಲ್ಲಿ ಅದೇ ಲೂವೇನಿನ ಹರ್ಸ್, ಪಾಂಪೆ ರೋಗದ ಮಕ್ಕಳಿಗೆ ಲೈಸೋಸೋಮಿನ ಒಂದೇ ಒಂದು ಕಿಣ್ವ ಇರಲ್ಲ ಅಂತ ಪತ್ತೆ ಮಾಡಿದರು. ಕಸ ಕರಗದೆ ಹೃದಯ, ಸ್ನಾಯು ಸೋಲುತ್ತವೆ. ಇಂಥ ಹತ್ತಾರು ರೋಗಗಳಿವೆ. ಬಹುಪಾಲು ಬರೋದು ತಂದೆ, ತಾಯಿ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಕೊಟ್ಟಾಗ. ಇಬ್ಬರಲ್ಲೂ ಆ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ನಮ್ಮಲ್ಲಿ ಅಕ್ಕನ ಮಗಳನ್ನ ಮದುವೆಯಾಗೋ ರೂಢಿ ಇದೆಯಲ್ಲ, ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ ಜೀನು ಒಂದೇ!

ಪಾಂಪೆಗೆ ಕಿಣ್ವದ ಚಿಕಿತ್ಸೆ 2006ರಲ್ಲಿ ಬಂತು. ಆದರೆ ಎರಡು ವಾರಕ್ಕೊಮ್ಮೆ, ಜೀವನಪೂರ್ತಿ ಹಾಕಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ರೋಗಗಳ ನೀತಿ ತಂತು, 2022ರಲ್ಲಿ ನೆರವಿನ ಮಿತಿಯನ್ನ 50 ಲಕ್ಷಕ್ಕೆ ಏರಿಸಿತು. ದೊಡ್ಡ ಮೊತ್ತವೇ, ಆದರೆ ಮುಗಿಯೋ ದುಡ್ಡಿಗೂ ಮುಗಿಯದ ಚಿಕಿತ್ಸೆಗೂ ತಾಳೆಯಾಗಲ್ಲ.

ಹಾಗಾಗಿ ಸಂಬಂಧದಲ್ಲೇ ಮದುವೆ ಮಾತು ನಡೆದರೆ, ಮನೆತನದಲ್ಲಿ ಕಾರಣ ತಿಳಿಯದೆ ಎಳೇ ಮಕ್ಕಳು ಹೋಗಿದ್ದರೆ, ಮೊದಲೇ ಜೆನೆಟಿಕ್ ಕೌನ್ಸೆಲಿಂಗಿಗೆ ಹೋಗಿ. ಜಾತಕ ನೋಡೋರು ನೋಡಲಿ, ಇದನ್ನೂ ನೋಡಲಿ. ನಿಮ್ಮ ಕಡೆ ಈ ಬಗ್ಗೆ ಹಿರಿಯರ ಹತ್ತಿರ ಹೇಗೆ ಮಾತಾಡ್ತೀರಿ? ಹೇಳಿ, ನನಗೂ ಬೇಕು.