ವಿಂಚಿನ ಹಗ್ಗ ನಡೆದು ಬಂದ ದಾರಿ

ಮಳೆಗಾಲದ ಕೆಸರಿನಲ್ಲಿ ಹೂತುಹೋದ ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುವುದನ್ನು, ಮಲೆನಾಡಿನ ತೋಟಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಬಂಪರಿನ ಬಳಿ ಒಂದು ಉರುಳೆ, ಅದನ್ನು ತಿರುಗಿಸುವ ಮೋಟಾರು, ಉರುಳೆಗೆ ಸುತ್ತಿದ ಹಗ್ಗ, ಇದೇ ವಿಂಚು. ಹಗ್ಗದ ತುದಿಯನ್ನು ದಪ್ಪನೆಯ ಮರಕ್ಕೆ ಬಿಗಿದರೆ ವಾಹನವೇ ಮರದತ್ತ ಸರಿಯುತ್ತದೆ. ಈಚೆಗೆ ಹಲವರು ಈ ಉರುಳೆಯಿಂದ ಉಕ್ಕಿನ ತಂತಿಹಗ್ಗವನ್ನು ಬಿಚ್ಚಿ, ಕೈಗೆ ನುಣುಪಾದ ಕೃತಕ ನೂಲಿನ ಹಗ್ಗವನ್ನು ಸುತ್ತಿಸುತ್ತಿದ್ದಾರೆ. "ಮೇಷ್ಟ್ರೇ, ಪ್ಲಾಸ್ಟಿಕ್ಕು ಉಕ್ಕಿಗಿಂತ ಗಟ್ಟಿಯೇ?" ಎಂದು ಕೇಳಿದವರಿದ್ದಾರೆ. ಉತ್ತರಕ್ಕಾಗಿ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಕ್ಲೌಸ್ಟಾಲ್ ಎಂಬ ಗಣಿಪಟ್ಟಣವಿದೆ. ಅಲ್ಲಿ ಆಳದಿಂದ ಅದಿರನ್ನು ಎತ್ತಲು ಇದ್ದುದು ನಾರಿನ ಹಗ್ಗ, ಇಲ್ಲವೇ ಕಬ್ಬಿಣದ ಸರಪಳಿ. ನಾರು ತೇವಕ್ಕೆ ಕೊಳೆಯುತ್ತಿತ್ತು. ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಸೋತರೂ ಇಡೀ ಭಾರ ಕೆಳಗೆ ಬೀಳುತ್ತಿತ್ತು. ಅದಕ್ಕೆ ಮುನ್ಸೂಚನೆಯೇ ಇರುತ್ತಿರಲಿಲ್ಲ. ಅಲ್ಲಿನ ಗಣಿ ಅಧಿಕಾರಿ ವಿಲ್‌ಹೆಲ್ಮ್ ಆಲ್ಬರ್ಟ್ ಅವರು 1834ರಲ್ಲಿ ಕಬ್ಬಿಣದ ತಂತಿಗಳನ್ನೇ ಹಗ್ಗದಂತೆ ಹೊಸೆಯಿಸಿ ಬಳಕೆಗೆ ತಂದರು. ನಾಲ್ಕು ತಂತಿ ಸೇರಿ ಒಂದು ಎಳೆ, ಮೂರು ಎಳೆ ಸೇರಿ ಒಂದು ಹಗ್ಗ. ಒಂದು ತಂತಿ ತುಂಡಾದರೂ ಉಳಿದ ಹನ್ನೊಂದು ಭಾರವನ್ನು ಹೊರುತ್ತವೆ. ತುಂಡಾದ ತಂತಿ ಕಣ್ಣಿಗೆ ಬಿದ್ದು ಎಚ್ಚರಿಸುತ್ತದೆ. ತಂತಿಹಗ್ಗದ ಹಿರಿಮೆ ಬರಿಯ ಬಲದಲ್ಲಿಲ್ಲ, ಈ ಎಚ್ಚರಿಕೆಯಲ್ಲಿದೆ. ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವವರೆಗೂ ಸಾವಿರಾರು ಕಾರ್ಮಿಕರು ಇಂಥ ಹಗ್ಗವನ್ನೇ ನಂಬಿ ಪಾತಾಳಕ್ಕೆ ಇಳಿದು ಮೇಲೇರಿದರು.

ಆದರೆ ತಂತಿಹಗ್ಗಕ್ಕೆ ಎರಡು ದೋಷಗಳು ಉಳಿದೇ ಇದ್ದವು. ಒಂದು, ತೂಕ. ಜೀಪಿನ ವಿಂಚಿಗೆ ಸುತ್ತುವ 30 ಮೀಟರ್ ಉಕ್ಕಿನ ಹಗ್ಗ ಸುಮಾರು 10 ಕಿಲೋ ತೂಗುತ್ತದೆ. ಇನ್ನೊಂದು, ಅದಕ್ಕಿಂತ ಘೋರವಾದುದು: ಸೆಟೆದ ತಂತಿಹಗ್ಗ ಬಿಲ್ಲಿನ ಹೆದೆಯಂತೆ ಶಕ್ತಿಯನ್ನು ಒಳಗಿಟ್ಟುಕೊಂಡಿರುತ್ತದೆ. ತುಂಡಾದ ಕ್ಷಣದಲ್ಲಿ ಚಾಟಿಯಂತೆ ಬೀಸಿಬರುವ ಆ ಉಕ್ಕು, ದಾರಿಯಲ್ಲಿ ನಿಂತವರ ಪ್ರಾಣವನ್ನೇ ತೆಗೆಯಬಲ್ಲದು.

ಇಲ್ಲಿಗೆ ಹೊಸ ನೂಲು ಬಂತು. ಅದರ ಮೂಲದ್ರವ್ಯ, ನಮ್ಮ ಮನೆಯ ಕೊಡ, ಬಕೆಟ್ಟುಗಳಿಗೆ ಬಳಸುವ ಪಾಲಿಎಥಿಲೀನ್ ಎಂದರೆ ನಿಮಗೆ ಅಚ್ಚರಿಯಾದೀತು. ಬಕೆಟ್ಟಿನಲ್ಲಿ ಅದರ ಅಣುಸರಪಳಿಗಳು ಗಂಟುಗಂಟಾಗಿ ಸಿಕ್ಕುಬಿದ್ದಿರುತ್ತವೆ. ನೆದರ್ಲೆಂಡ್ಸಿನ ಡಿಎಸ್‌ಎಂ ಸಂಸ್ಥೆಯಲ್ಲಿದ್ದ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಅವರು, ಅತಿ ಉದ್ದದ ಅಣುಗಳುಳ್ಳ ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ, ಲೋಳೆಯಂಥ ಎಳೆಯಾಗಿಸಿ, ಬಿಸಿಯಲ್ಲಿ ಎಳೆದೆಳೆದು ನೂಲುವ ವಿಧಾನವನ್ನು 1979ರ ಹೊತ್ತಿಗೆ ಸಾಧಿಸಿದರು. ಬಾಚಿದ ಕೂದಲಿನಂತೆ ಅಣುಗಳೆಲ್ಲ ಒಂದೇ ದಿಕ್ಕಿಗೆ ಸಾಲಾದವು. ಡೈನೀಮಾ ಎಂಬ ಹೆಸರಿನ ಈ ನೂಲು 1990ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂತು. ತೂಕಕ್ಕೆ ತೂಕ ಹೋಲಿಸಿದರೆ ಇದು ಉಕ್ಕಿಗಿಂತ ಹಲವು ಪಟ್ಟು ಬಲಿಷ್ಠ. ನೀರಿನ ಮೇಲೆ ತೇಲುತ್ತದೆ. ಅದೇ 30 ಮೀಟರಿನ ಹಗ್ಗ ಈಗ ಎರಡು ಕಿಲೋ ಆಸುಪಾಸು. ಹಗುರವಾದ್ದರಿಂದ ತುಂಡಾದಾಗ ಅದರ ಹೊಡೆತವೂ ಬಹಳ ಕಡಿಮೆ. ಜಡೆಯಂತೆ ಹೆಣೆದ, ಒಳಗೆ ಟೊಳ್ಳಾದ ಹಗ್ಗವಾದ್ದರಿಂದ, ತುಂಡಾದ ತುದಿಗಳನ್ನು ಒಂದರೊಳಗೊಂದು ತೂರಿಸಿ ಅಲ್ಲಿಯೇ ಬೆಸೆಯಲೂಬಹುದು.

ಹಾಗೆಂದು ಹಳೆಯದನ್ನು ಬಿಚ್ಚಿ ಹೊಸದನ್ನು ಸುತ್ತಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಈ ನೂಲು ಸುಮಾರು 145 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಅದಕ್ಕೆ ಬಹಳ ಮೊದಲೇ ಬಲಗುಂದುತ್ತದೆ. ಕೆಲವು ವಿಂಚುಗಳಲ್ಲಿ ಬ್ರೇಕು ಉರುಳೆಯ ಒಳಗೇ ಇರುವುದರಿಂದ ಉರುಳೆ ಕಾಯುತ್ತದೆ. ಹಗ್ಗ ಹೊರಬರುವ ಫೇರ್‌ಲೀಡ್ ಎಂಬ ಕಿಂಡಿಯಲ್ಲಿ ಹಳೆಯ ತಂತಿ ಕೊರೆದ ಮೊನಚುಗಳಿದ್ದರೆ ಅವು ನೂಲನ್ನು ಕತ್ತರಿಸುತ್ತವೆ. ಕಿಂಡಿಯನ್ನೂ ಬದಲಿಸುವುದು ಲೇಸು. ನುಣುಪಾದ ಹಗ್ಗ ಉರುಳೆಯ ಮೇಲೆ ಜಾರುವುದರಿಂದ, ಉಕ್ಕಿಗೆ 5 ಸುತ್ತು ಸಾಕಾದಲ್ಲಿ ಇದಕ್ಕೆ ಸಾಮಾನ್ಯವಾಗಿ 10 ಸುತ್ತುಗಳನ್ನಾದರೂ ಉಳಿಸಬೇಕು. ಮರಳು, ಕೆಸರು ಒಳಹೊಕ್ಕರೆ ಎಳೆಗಳನ್ನು ಸವೆಸುತ್ತವೆ, ತೊಳೆದು ಒಣಗಿಸಬೇಕು. ಬಿಸಿಲಿಗೂ ಇದು ಸವೆಯುತ್ತದೆ.

ನನ್ನ ಮನಸ್ಸನ್ನು ಕಾಡುವ ಸಂಗತಿ ಇನ್ನೊಂದಿದೆ. ಹಗ್ಗ ಮೃದುವಾಯಿತೆಂದು ಜನ ಅದರ ಹತ್ತಿರ ನಿಲ್ಲತೊಡಗಿದ್ದಾರೆ. ಹಗ್ಗ ಹಗುರವಾಗಿರಬಹುದು, ಆದರೆ ತುದಿಯ ಕೊಕ್ಕೆ ಇನ್ನೂ ಉಕ್ಕಿನದೇ. ಕಟ್ಟಿದ ಕೊಂಡಿಯೇ ಕಿತ್ತುಬಂದರೆ ಅದು ಗುಂಡಿನಂತೆ ಹಾರೀತು. ಹಗ್ಗದ ಮೇಲೆ ಒದ್ದೆ ಗೋಣಿಚೀಲವನ್ನೋ ಕಂಬಳಿಯನ್ನೋ ಹೊದಿಸುವ ಹಳೆಯ ಪದ್ಧತಿಯನ್ನು ಬಿಡಬೇಡಿ. ಸರಪಳಿಯನ್ನು ತಂತಿ, ತಂತಿಯನ್ನು ನೂಲು ಸ್ಥಳಾಂತರಿಸಿದ ಈ ಇತಿಹಾಸವೆಲ್ಲ, ಭಾರದ ಬಳಿ ನಿಂತ ಮನುಷ್ಯನ ಜೀವ ಉಳಿಸಲೆಂದು ಇಟ್ಟ ಹೆಜ್ಜೆಗಳ ಇತಿಹಾಸವೂ ಹೌದು. ಎಳೆತ ಶುರುವಾಗುವ ಮೊದಲು ನಾಲ್ಕು ಮಾರು ಹೆಚ್ಚೇ ದೂರ ಸರಿದು, ಹಗ್ಗದ ನೇರಕ್ಕೆ ನಿಲ್ಲದೆ ಇರುವ ಹೆಜ್ಜೆಯನ್ನು ಮಾತ್ರ ನಾವೇ ಇಡಬೇಕು.